ಸಣ್ಣ ಪದವನ್ನು ಕೈಬಿಟ್ಟರೆ?

ಒಂದು ಅಜ್ಞಾತ ಸಂಖ್ಯೆಯ ವರ್ಗದ ನೂರನೇ ಒಂದು ಭಾಗಕ್ಕೆ ಆ ಸಂಖ್ಯೆಯನ್ನೇ ಕೂಡಿದಾಗ 1 ಬರಬೇಕೆಂಬ ಸಮೀಕರಣಕ್ಕೆ ಸುಮಾರು 0.99 ಮತ್ತು -100.99 ಎಂಬ ಎರಡು ಉತ್ತರಗಳಿವೆ. ನೂರನೇ ಭಾಗ ತಾನೇ ಎಂದು ಆ ಪದವನ್ನು ಕೈಬಿಟ್ಟರೆ 1 ಎಂಬ ಒಂದೇ ಉತ್ತರ ಉಳಿದು, ಎರಡನೆಯದು ಅಂದಾಜಿಗೂ ಸಿಗದಂತೆ ಮಾಯವಾಗುತ್ತದೆ. ಹೀಗೆ ಸಣ್ಣ ಪದವೊಂದನ್ನು ತೆಗೆದೊಡನೆ ಸಮಸ್ಯೆಯ ಸ್ವರೂಪವೇ ಬದಲಾಗುವ ಸನ್ನಿವೇಶಗಳನ್ನು ನಿಭಾಯಿಸುವ ಗಣಿತ ವಿಧಾನವೇ ‘ಸಿಂಗ್ಯುಲರ್ ಪರ್ಟರ್ಬೇಷನ್’.

ಉದಾಹರಣೆಗೆ, ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯ ಸ್ನಿಗ್ಧತೆ, ಎಂದರೆ ಅದರ ಪದರಗಳ ನಡುವಿನ ಒಳಘರ್ಷಣೆ, ಅತ್ಯಲ್ಪವೇ ಸರಿ. ಆದರೆ ಅದನ್ನು ಸೊನ್ನೆಯೆಂದು ಹಿಡಿದರೆ ಗಾಳಿಯು ಮೇಲ್ಮೈಗೆ ಉಜ್ಜುವುದೇ ಇಲ್ಲವೆಂಬ ಅಸಂಬದ್ಧ ಫಲಿತ ಬರುತ್ತದೆ. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್, ಮೇಲ್ಮೈಗೆ ಅಂಟಿದ ತೆಳುವಾದ ‘ಗಡಿಪದರ’ದೊಳಗೆ ಸ್ನಿಗ್ಧತೆಯನ್ನು ಉಳಿಸಿಕೊಂಡು, ಅದರ ಹೊರಗೆ ಮಾತ್ರ ಕೈಬಿಡಬಹುದೆಂದು ತೋರಿಸಿದರು. ಒಳಗಿನ ಮತ್ತು ಹೊರಗಿನ ಉತ್ತರಗಳನ್ನು ಬೇರೆ ಬೇರೆ ಅಳತೆಗೋಲುಗಳಲ್ಲಿ ಪಡೆದು, ಎರಡೂ ಅನ್ವಯಿಸುವ ನಡುವಣ ವಲಯದಲ್ಲಿ ಅವನ್ನು ಪರಸ್ಪರ ಹೊಂದಿಸುವುದೇ ಈ ವಿಧಾನದ ಜೀವಾಳ.

ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನ ಆಚಾರ್ಯ ಪಾಠಶಾಲೆಯಲ್ಲಿ ಓದಿದ ವಿಜ್ಞಾನಿ ರೊದ್ದಂ ನರಸಿಂಹ ಅವರು, ಮಲ್ಲೇಶ್ವರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಮಾರ್ಗದರ್ಶನದಲ್ಲಿ ಈ ಗಡಿಪದರವನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಗಡಿಪದರದಲ್ಲಿನ ನಯವಾದ ಹರಿವು ಪ್ರಕ್ಷುಬ್ಧ ಹರಿವಾಗಿ ಮಾರ್ಪಡುವ ಬಗೆಯನ್ನು ವಿವರಿಸುವ ಇವರಿಬ್ಬರ ಪ್ರಬಂಧವು 1958ರಲ್ಲಿ ‘ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.