ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು: ಒಕ್ಕೂಟದ ಮೂಲಕ ಸಗಟು ವಿದ್ಯುತ್

ಬೆಳಗಾವಿ ಜಿಲ್ಲೆಯಲ್ಲಿ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು, ಅಮೆರಿಕದ ನೆರವಿನಿಂದ ನಮ್ಮ ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಗೊಂಡ ಐದು ಸಂಘಗಳಲ್ಲಿ ಒಂದಾಗಿರುತ್ತದೆ. ಇದಕ್ಕೆ ಮಾದರಿಯಾದ ಅಮೆರಿಕದ ಸಂಘಗಳು ಒಗ್ಗೂಡಿ ಮಿತದರದ ವಿದ್ಯುತ್ ಪಡೆಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

1930ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ರೈತ ಕುಟುಂಬಗಳ ಪೈಕಿ ಹತ್ತರಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಸೌಲಭ್ಯವಿದ್ದಿತು. ದೂರದೂರದ ಒಂಟಿಮನೆಗಳಿಗೆ ತಂತಿ ಎಳೆಯುವುದು ಖಾಸಗಿ ಕಂಪನಿಗಳಿಗೆ ಲಾಭದಾಯಕವಾಗಿರಲಿಲ್ಲ. 1936ರ ಗ್ರಾಮೀಣ ವಿದ್ಯುದೀಕರಣ ಕಾಯಿದೆಯನ್ವಯ ಸರ್ಕಾರದ ಸಾಲ ಪಡೆದು ರೈತರೇ ಸಂಘಗಳನ್ನು ರಚಿಸಿಕೊಂಡರು. 1944ರಲ್ಲಿ ಈ ಸಾಲದ ಬಡ್ಡಿಯನ್ನು ಶೇ. 2ಕ್ಕೆ ಇಳಿಸಿ, ಮರುಪಾವತಿಯ ಅವಧಿಯನ್ನು 35 ವರ್ಷಗಳಿಗೆ ವಿಸ್ತರಿಸಲಾಯಿತು.

ಆದರೆ ತಂತಿ ಸ್ವಂತದ್ದಾದ ಮಾತ್ರಕ್ಕೆ ದರ ಇಳಿಯಲಿಲ್ಲ. ಅದರಲ್ಲಿ ಹರಿಯುವ ವಿದ್ಯುತ್ತನ್ನು ಅನೇಕ ಸಂಘಗಳು ಅದೇ ಕಂಪನಿಗಳಿಂದಲೇ ಕೊಳ್ಳಬೇಕಾಗಿತ್ತು. ಒಂದು ಸಣ್ಣ ಸಂಘವು ವಿದ್ಯುತ್ ಸ್ಥಾವರವನ್ನು ಕಟ್ಟಲಾರದು. ಇಪ್ಪತ್ತು ಸಂಘಗಳು ಕೂಡಿದರೆ ಕಟ್ಟಬಲ್ಲವು. ಹೀಗೆ ಸಂಘಗಳೇ ಸದಸ್ಯರಾಗಿರುವ ಉತ್ಪಾದನಾ ಮತ್ತು ಪ್ರಸರಣ ಒಕ್ಕೂಟಗಳು ರೂಪುಗೊಂಡವು. ವಿಸ್ಕಾನ್ಸಿನ್‌ನಲ್ಲಿ 1941ರಲ್ಲಿ ಡೈರಿಲ್ಯಾಂಡ್, ಉತ್ತರ ಡಕೋಟದಲ್ಲಿ 1961ರಲ್ಲಿ ಬೇಸಿನ್ ಎಲೆಕ್ಟ್ರಿಕ್ ಸ್ಥಾಪನೆಯಾದವು. ಸದಸ್ಯ ಸಂಘಗಳ ಪ್ರತಿನಿಧಿಗಳೇ ಒಕ್ಕೂಟದ ಆಡಳಿತ ಮಂಡಳಿಯಲ್ಲಿರುತ್ತಾರೆ. ಸಂಘದ ಉಳಿತಾಯವನ್ನು ಗ್ರಾಹಕರ ಬಳಕೆಗನುಗುಣವಾಗಿ ಅವರ ಖಾತೆಗೆ ಜಮಾ ಮಾಡಿ, ಕೆಲಕಾಲ ಬಂಡವಾಳವಾಗಿ ಬಳಸಿ, ಮುಂದೆ ಹಿಂದಿರುಗಿಸಲಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಸ್ಥಾವರಗಳ ನಿರ್ಮಾಣಕ್ಕೆ ಸಾಲ ದೊರೆಯಬೇಕಾದರೆ, ಸದಸ್ಯ ಸಂಘಗಳು ತಮ್ಮ ವಿದ್ಯುತ್ತಿನ ಬಹುಪಾಲನ್ನು ದಶಕಗಳ ಕಾಲ ಒಕ್ಕೂಟದಿಂದಲೇ ಕೊಳ್ಳುವುದಾಗಿ ಕರಾರು ಮಾಡಿಕೊಳ್ಳಬೇಕು. ಸಾಲ ತೀರಿಸುವ ಭರವಸೆಯೇ ಈ ಕರಾರು. ಹೊರಗೆ ಅಗ್ಗದ ವಿದ್ಯುತ್ ದೊರೆತಾಗ ಅದೇ ಕಟ್ಟೂ ಆಗುತ್ತದೆ. ಸ್ವಂತ ಸೌರ ವಿದ್ಯುತ್ತನ್ನು ಹೆಚ್ಚಿಸಬಯಸಿದ ನ್ಯೂ ಮೆಕ್ಸಿಕೊದ ಕಿಟ್ ಕಾರ್ಸನ್ ಸಂಘವು, ಟ್ರೈ-ಸ್ಟೇಟ್ ಒಕ್ಕೂಟವನ್ನು ತೊರೆಯಲು 2016ರಲ್ಲಿ 3.7 ಕೋಟಿ ಡಾಲರ್ ನಿರ್ಗಮನ ಶುಲ್ಕ ತೆರಬೇಕಾಯಿತು. ಈ ಮೊತ್ತವನ್ನು ಗಮನಿಸಿದಲ್ಲಿ, ಒಕ್ಕೂಟ ಸೇರುವ ಮುನ್ನ ಕರಾರಿನ ಅವಧಿಯನ್ನು ಓದಿಕೊಳ್ಳುವುದು ದರವನ್ನು ಓದಿಕೊಳ್ಳುವಷ್ಟೇ ಅಗತ್ಯವೆಂಬುದು ವಿದಿತವಾಗುತ್ತದೆ.

ನಮ್ಮಲ್ಲಿ ವಿದ್ಯುಚ್ಛಕ್ತಿ ಕಾಯಿದೆ, 2003ರ 5ನೇ ಪ್ರಕರಣವು ಗ್ರಾಮೀಣ ಪ್ರದೇಶಗಳಲ್ಲಿ ಸಗಟು ವಿದ್ಯುತ್ ಖರೀದಿ ಹಾಗೂ ಸ್ಥಳೀಯ ವಿತರಣೆಗಾಗಿ ಸಹಕಾರ ಸಂಘಗಳನ್ನೂ ಹೆಸರಿಸುತ್ತದೆ. ಆದಾಗ್ಯೂ ಹುಕ್ಕೇರಿ ಸಂಘದ ಮೇಲೆ ಇಂತಹ ಉತ್ಪಾದನಾ ಒಕ್ಕೂಟವಿರುವುದಿಲ್ಲ. ಸಂಘವು ರಾಜ್ಯದ ಜಾಲದಿಂದ ವಿದ್ಯುತ್ ಖರೀದಿಸಿ ವಿತರಿಸುತ್ತದೆ. ಆಡಳಿತ ಮಂಡಳಿಯನ್ನು ಸದಸ್ಯರು ಚುನಾಯಿಸುತ್ತಾರೆ. ಗ್ರಾಹಕರ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ನಿಗದಿಪಡಿಸುತ್ತದೆ.