ಮಳೆಗಾಲಕ್ಕೆ ಮುಂಚೆ ಮನೆಗೊಂದು ವಿಮೆ

ಮೇ ತಿಂಗಳು ಬಂತೆಂದರೆ ಕೊಡಗಿನ ಪ್ರತಿ ಮನೆಯಲ್ಲೂ ಒಂದೇ ಗಡಿಬಿಡಿ. ಒಡೆದ ಹೆಂಚು ಬದಲಾಯಿಸಬೇಕು, ಚರಂಡಿ ಬಿಡಿಸಬೇಕು, ಸೌದೆ ಒಳಗೆ ಪೇರಿಸಬೇಕು, ಕೊಡೆಗಳ ಕಡ್ಡಿ ಸರಿಮಾಡಿಸಬೇಕು. ಈ ಪಟ್ಟಿಗೆ ಇನ್ನೊಂದು ಕೆಲಸ ಸೇರಿಸಿಕೊಳ್ಳಿ ಎಂದು ಹೇಳುವುದಕ್ಕೇ ಈ ಲೇಖನ. ಮನೆಯ ವಿಮೆಯ ಕಾಗದ ಹೊರಗೆ ತೆಗೆದು ಒಮ್ಮೆ ಓದಿ. ವಿಮೆಯೇ ಇಲ್ಲದಿದ್ದರೆ ಮಾಡಿಸಿ.

2018ರ ಆಗಸ್ಟ್ ಮಧ್ಯದ ಆ ದಿನಗಳನ್ನು ನಮ್ಮ ಜಿಲ್ಲೆಯವರು ಮರೆಯುವುದುಂಟೇ? ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿದವು. ಎರಡಂತಸ್ತಿನ ಮನೆಯೊಂದು ನಿಂತ ಹಾಗೇ ಕೆಳಕ್ಕೆ ಜಾರಿಹೋಗುವ ವಿಡಿಯೋವನ್ನು ದೇಶವೆಲ್ಲ ನೋಡಿತು. ಮರು ವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿಯಿತು, ಕರಡಿಗೋಡಿನ ಮನೆಗಳಿಗೆ ಕಾವೇರಿ ನುಗ್ಗಿದಳು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿಯಿತು.

ಸರ್ಕಾರ ಕೈಬಿಡಲಿಲ್ಲ. ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸಂತ್ರಸ್ತರಿಗೆ ಮನೆ ಕಟ್ಟಿಕೊಟ್ಟಿತು. ಆದರೆ 2018ರಲ್ಲಿ ಮನೆ ಕಳೆದುಕೊಂಡ ಹಲವರ ಕೈಗೆ ಬೀಗದ ಕೈ ಬಂದದ್ದು 2020ರಲ್ಲಿ. 2019ರ ಪ್ರವಾಹದ ನಂತರ, ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ತನಕ ಕೊಡುವುದೆಂದಾಯಿತು. ಜೀವಮಾನದ ದುಡಿಮೆ ಹಾಕಿ ಕಟ್ಟಿದ ಮನೆಗೆ ಅದು ಊರುಗೋಲು ಆದೀತು, ಕಾಲು ಆಗಲಾರದು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಮುದುಕನಾದವನು. "ನಿಮಗೆ ವಿಮೆ ಇದೆಯಾ?" ಎಂದು ಯಾರನ್ನು ಕೇಳಿದರೂ "ಎಲ್‌ಐಸಿ ಉಂಟು" ಎನ್ನುತ್ತಾರೆ. ಸ್ಕೂಟರಿಗೆ ಉಂಟಾ? ಅದೂ ಉಂಟು, ಪೊಲೀಸರು ಕೇಳುತ್ತಾರಲ್ಲ. ಮನೆಗೆ? ಅದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಇಲ್ಲ!

ವಿಮೆ ಅಂದರೇನು ಅಜ್ಜ?

ಏಳನೇ ತರಗತಿಯ ನನ್ನ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಮಕ್ಕಳೇ, ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇಂದು ನಿಮ್ಮ ಗದ್ದೆ ನಾಟಿಗೆ ನಾವೆಲ್ಲ ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ ಎಂಬ ಲೆಕ್ಕ. ವಿಮೆಯೂ ಅದೇ, ಆಳಿನ ಬದಲು ಹಣ ಅಷ್ಟೇ. ಸಾವಿರ ಮನೆಯವರು ವರ್ಷಕ್ಕೆ ಸ್ವಲ್ಪ ಸ್ವಲ್ಪ ಹಣ ಕೂಡಿಸಿಟ್ಟರೆ, ಅವರಲ್ಲಿ ಯಾರ ಮನೆ ಬಿದ್ದರೂ ಆ ಗಂಟಿನಿಂದ ಕೊಡಬಹುದು. ನಾವು ಕಟ್ಟುವ ಆ ಹಣಕ್ಕೆ ಪ್ರೀಮಿಯಂ ಎನ್ನುತ್ತಾರೆ. 1666ರಲ್ಲಿ ಲಂಡನ್ ನಗರಕ್ಕೆ ಬೆಂಕಿ ಬಿದ್ದು ಸಾವಿರಾರು ಮನೆ ಸುಟ್ಟುಹೋದವು. ಆಮೇಲೆಯೇ ಅಲ್ಲಿ ಮನೆಗಳ ಬೆಂಕಿ ವಿಮೆ ಹುಟ್ಟಿಕೊಂಡಿತು.

ನಮ್ಮಲ್ಲಿ ಈಗ ಇದು ಬಹಳ ಸುಲಭವಾಗಿದೆ. ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ, 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿಯನ್ನು 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಕಾಡ್ಗಿಚ್ಚು, ಮನೆ ಮೇಲೆ ಮರ ಬೀಳುವುದು, ನೀರಿನ ಟ್ಯಾಂಕ್ ಒಡೆಯುವುದು, ದೊಂಬಿ ಎಲ್ಲ ಇದರಲ್ಲಿ ಸೇರಿವೆ. ನಮಗೆ ಮುಖ್ಯವಾದ ಭೂಕುಸಿತವೂ ಸೇರಿದೆ.

ಎಷ್ಟಕ್ಕೆ ಮಾಡಿಸಬೇಕು?

ಜನ ಎಡವುವುದು ಇಲ್ಲೇ. "ನನ್ನ ಜಾಗ, ಮನೆ ಎಲ್ಲ ಸೇರಿ 80 ಲಕ್ಷ ಬೆಲೆ" ಎನ್ನುತ್ತಾರೆ. ವಿಮೆ ಮಾರುವ ಬೆಲೆಗೆ ಅಲ್ಲ, ಮತ್ತೆ ಕಟ್ಟುವ ಖರ್ಚಿಗೆ. ನೆಲಕ್ಕೆ ವಿಮೆ ಇಲ್ಲ.

ಮಕ್ಕಳೇ, ಪೆನ್ಸಿಲ್ ಹಿಡಿಯಿರಿ. ಗೋಡೆಗಳ ಒಳಗಿನ ನೆಲ, ಅಂದರೆ ಕಾರ್ಪೆಟ್ ಏರಿಯಾ, 1,000 ಚದರ ಅಡಿ ಇರಲಿ. ಲೆಕ್ಕ ಸುಲಭವಾಗಲೆಂದು ಚದರ ಅಡಿಗೆ ಕಟ್ಟುವ ಖರ್ಚು 2,000 ರೂಪಾಯಿ ಎಂದುಕೊಳ್ಳೋಣ. ಗುಣಿಸಿದರೆ 20 ಲಕ್ಷ. ನಿಮ್ಮ ಊರಿನ ನಿಜವಾದ ದರವನ್ನು ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕೇಳಿ. ಇದಕ್ಕೆ ಕಾಂಪೌಂಡ್, ಕಾರ್ ಶೆಡ್, ಸೋಲಾರ್ ಮತ್ತು ಮನೆಯ ಹಿಂದಿನ ತಡೆಗೋಡೆಯ ಖರ್ಚನ್ನೂ ಕೂಡಿಸಿ ಬರೆಸಿ. ನಮ್ಮ ಇಳಿಜಾರಿನಲ್ಲಿ ತಡೆಗೋಡೆಗೇ ಲಕ್ಷಗಟ್ಟಲೆ ಬೀಳುತ್ತದೆ.

ಮನೆ ಸಾಮಾನಿಗೆ ಬೇರೆ ಲೆಕ್ಕ ಬೇಡ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡಾ 20ರಷ್ಟು ಸಾಮಾನಿಗೆ ತಾನಾಗಿಯೇ ಸಿಗುತ್ತದೆ, ಗರಿಷ್ಠ 10 ಲಕ್ಷದವರೆಗೆ. 20 ಲಕ್ಷದ ಮನೆಗೆ 4 ಲಕ್ಷವಾಯಿತು. 60 ಲಕ್ಷದ ಮನೆಗೆ ಎಷ್ಟು? 12 ಎಂದವರು ಅವಸರ ಮಾಡಿದಿರಿ. ಉತ್ತರ 10. ಹೆಚ್ಚು ಬೇಕಾದರೆ ಬೇರೆಯಾಗಿ ಕೇಳಿ ಪಡೆಯಬಹುದು. ಒಡವೆಗೂ ಬೇರೆಯಾಗಿಯೇ ಬರೆಸಬೇಕು. ನೋಟು, ನಾಣ್ಯ, ಕಾಗದಪತ್ರ ಇದರಲ್ಲಿ ಬರುವುದಿಲ್ಲ. ತೋಟದ ಬೆಳೆಗೂ, ಮಾರಲು ಇಟ್ಟ ಕಾಫಿ, ಕಾಳುಮೆಣಸಿನ ಮೂಟೆಗೂ ಇದು ವಿಮೆಯಲ್ಲ.

ಹಿಂದೆ ಒಂದು ಕಾಟವಿತ್ತು. 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ 4 ಲಕ್ಷ ನಷ್ಟವಾದರೆ, "ನೀನು ಅರ್ಧಕ್ಕೆ ಮಾಡಿಸಿದ್ದು, ಅರ್ಧವೇ ತಗೋ" ಎಂದು 2 ಲಕ್ಷ ಕೊಡುತ್ತಿದ್ದರು. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಹಾಗೆಂದು ಕಡಿಮೆ ಬರೆಸಬೇಡಿ. ಮನೆ ಪೂರ್ತಿ ಹೋದರೆ ಬರೆಸಿದ ಮೊತ್ತಕ್ಕಿಂತ ಹೆಚ್ಚು ಬರುವುದಿಲ್ಲ. ಪಾಲಿಸಿಯನ್ನು 10 ವರ್ಷದ ತನಕ ಒಟ್ಟಿಗೇ ತೆಗೆದುಕೊಳ್ಳಬಹುದು. ಆಗ ಕಟ್ಟಡದ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ಏರುತ್ತದೆ. 20 ಲಕ್ಷವಿದ್ದದ್ದು ವರ್ಷ ತುಂಬಿದಾಗ 22 ಲಕ್ಷ. ಸಿಮೆಂಟಿನ ಬೆಲೆ ಏರುತ್ತದಲ್ಲ, ಅದಕ್ಕೆ.

ಸಣ್ಣ ಅಕ್ಷರ, ದೊಡ್ಡ ವಿಷಯ

ಭೂಕುಸಿತಕ್ಕೆ ವಿಮೆ ಉಂಟು ಎಂದೆ. ಆದರೆ ಯಾವುದು ಸೇರುವುದಿಲ್ಲ ಎಂಬುದನ್ನು ಕನ್ನಡಕ ಹಾಕಿಕೊಂಡು ಓದಿ. ಮಣ್ಣು ತುಂಬಿಸಿ ಮಾಡಿದ ಜಾಗ ಕುಸಿದರೆ ಇಲ್ಲ. ಅಗೆತ, ಕಟ್ಟಡ ಕೆಲಸ, ರಿಪೇರಿಯಿಂದಾದ ಕುಸಿತಕ್ಕೆ ಇಲ್ಲ. ಕಳಪೆ ಕೆಲಸಕ್ಕೆ ಇಲ್ಲ. ಹೊಸ ಮನೆ ನೆಲಕ್ಕೆ ಕೂರುವಾಗ ಬರುವ ಮಾಮೂಲಿ ಬಿರುಕಿಗೆ ಇಲ್ಲ. ಹೊಳೆ ದಡ ಕೊರೆದದ್ದಕ್ಕೂ ಇಲ್ಲ. ಕಾವೇರಿ ಉಕ್ಕಿ ಮನೆಯೊಳಗೆ ಬಂದರೆ ಅದು ನೆರೆ, ವಿಮೆ ಉಂಟು. ವರ್ಷ ವರ್ಷ ದಡ ಕೊರೆದು ಅಂಗಳ ನುಂಗಿದರೆ ಅದು ಬೇರೆ.

ಕೊಡಗಿನವರಿಗೆ ಈ ಸಾಲುಗಳು ಎಷ್ಟು ಮುಖ್ಯ ನೋಡಿ. ಜೆಸಿಬಿ ತಂದು ಬರೆ ಕಡಿದು, ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಸಮತಟ್ಟು ಮಾಡಿ, ಅದರ ಮೇಲೆ ಮನೆ ಕಟ್ಟುವುದು ನಮ್ಮಲ್ಲಿ ಈಗ ರೂಢಿ. ಮಳೆಗೆ ಕುಸಿಯುವುದೂ ಅದೇ, ಕ್ಲೇಮಿಗೆ ತಕರಾರು ಬರುವುದೂ ಅಲ್ಲೇ. ಹೊಸದಾಗಿ ಕಟ್ಟುವವರು ಕಡಿಯದ ಗಟ್ಟಿ ನೆಲ ಹುಡುಕುವುದು ಎಲ್ಲಕ್ಕಿಂತ ಮೊದಲ ವಿಮೆ.

ಇನ್ನೆರಡು ಮಾತು. ಈ ಪಾಲಿಸಿ ವಾಸದ ಮನೆಗೆ. ಹೋಂಸ್ಟೇ ನಡೆಸುತ್ತಿದ್ದರೆ ಮುಚ್ಚಿಡಬೇಡಿ, ಮೊದಲೇ ತಿಳಿಸಿ ಅದಕ್ಕೆ ತಕ್ಕ ಪಾಲಿಸಿ ಕೇಳಿ. ಕಳ್ಳತನಕ್ಕೆ ಇದರಲ್ಲಿ ಹಣ ಸಿಗುವುದು ನೆರೆಯೋ ಬೆಂಕಿಯೋ ಇಂಥ ಅನಾಹುತ ಆದ 7 ದಿನಗಳೊಳಗೆ ಕಳುವಾದರೆ ಮಾತ್ರ. ಬರೀ ಕಳ್ಳತನದ ಭಯವಿದ್ದರೆ ಅದಕ್ಕೆ ಬೇರೆ ವಿಮೆ ಮಾಡಿಸಬೇಕು.

"ಬ್ಯಾಂಕಿನವರು ಮಾಡಿಸಿದ್ದಾರೆ"

2018ರ ಮಳೆ ನಿಂತ ಮೇಲೆ ಪರಿಚಯದವರೊಬ್ಬರು ಫೈಲು ಹಿಡಿದು ನನ್ನಲ್ಲಿಗೆ ಬಂದರು. ಮನೆಯ ಅರ್ಧ ಮಣ್ಣಿನಡಿ ಹೋಗಿತ್ತು. "ಸಾಲ ಮಾಡುವಾಗ ವಿಮೆ ಮಾಡಿಸಿದ್ದಾರೆ, ನೋಡಿ ಹೇಳಿ" ಎಂದರು. ನೋಡಿದೆ. ವಿಮೆ ಇದ್ದದ್ದು ಸಾಲದ ಮೊತ್ತಕ್ಕೆ ಮಾತ್ರ. ಸಾಲ ತೀರಿತ್ತು, ಪಾಲಿಸಿಯ ಅವಧಿ ಅದಕ್ಕೂ ಮುಂಚೆಯೇ ಮುಗಿದಿತ್ತು. ಆ ಹಿರಿಯರ ಮುಖ ನೋಡಿ ಏನು ಹೇಳುವುದೆಂದು ನನಗೆ ತೋಚಲಿಲ್ಲ.

ಸಾಲ ಕೊಟ್ಟವರು ನೋಡುವುದು ತಮ್ಮ ಹಣ ಉಳಿಯಲಿ ಎಂದು. ನಿಮ್ಮ ಮನೆ ನೋಡಿಕೊಳ್ಳಬೇಕಾದವರು ನೀವು. ಮನೆ ಸಾಲ ಇರುವವರು ಪಾಲಿಸಿಯ ಪ್ರತಿ ಕೇಳಿ ತನ್ನಿ. ಎಷ್ಟಕ್ಕೆ ಇದೆ, ಎಂದಿಗೆ ಮುಗಿಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕೊಳ್ಳುವುದು ಹೇಗೆ?

ಪಾಲಿಸಿಯ ಮೂಲ ಷರತ್ತು ಎಲ್ಲ ಕಂಪನಿಗಳಲ್ಲೂ ಒಂದೇ. ಹಾಗಾಗಿ ಒಂದೇ ಸೇರಿನಲ್ಲಿ ಅಳೆದ ಮೆಣಸಿನ ಹಾಗೆ ಹೋಲಿಸುವುದು ಸುಲಭ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಿವೆ, ಖಾಸಗಿಯವೂ ಬೇಕಾದಷ್ಟಿವೆ. ಅದೇ ವಿಸ್ತೀರ್ಣ, ಅದೇ ಮೊತ್ತ, ಅದೇ ಅವಧಿ ಕೊಟ್ಟು ಮೂರು ಕಡೆ ದರ ಬರೆಸಿಕೊಳ್ಳಿ. ಜಿಎಸ್‌ಟಿ ಸೇರಿ ಎಷ್ಟು ಎಂದು ಕೇಳಿ. ಹತ್ತಿರದಲ್ಲಿ ಶಾಖೆ ಇದೆಯೇ, ಫೋನ್ ಎತ್ತುತ್ತಾರೆಯೇ ನೋಡಿ. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮಾಡು ಹೆಂಚಿನದೋ ಆರ್‌ಸಿಸಿಯೋ, ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಖಾಲಿ ಫಾರಂಗೆ ಸಹಿ ಹಾಕಬೇಡಿ.

ಅನಾಹುತವಾದರೆ ಮೊದಲು ಜೀವ. ಎಲ್ಲರೂ ಸುರಕ್ಷಿತವಾಗಿ ಹೊರಬಂದ ಮೇಲೆ ಕಂಪನಿಗೆ ಕೂಡಲೇ ತಿಳಿಸಿ. ಮಣ್ಣು ಬಾಚುವ ಮುಂಚೆ ಫೋಟೋ ತೆಗೆಯಿರಿ. ಇನ್ನಷ್ಟು ಹಾಳಾಗದಂತೆ ಟಾರ್ಪಾಲು ಹೊದಿಸಿ, ಅದರ ಬಿಲ್ಲು ಇಡಿ. ನಷ್ಟ ಅಳೆಯಲು ಬರುವ ಸರ್ವೇಯರಿಗೆ ಶುಲ್ಕ ಕೊಡುವುದು ಕಂಪನಿ, ನೀವಲ್ಲ. ಕ್ಲೇಮು ಕೊಡದೆ ಸತಾಯಿಸಿದರೆ ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಅಲ್ಲಿ ವಕೀಲರೂ ಬೇಡ, ಶುಲ್ಕವೂ ಇಲ್ಲ. 155255ಕ್ಕೆ ಫೋನ್ ಮಾಡಿ ಐಆರ್‌ಡಿಎಐಗೂ ದೂರು ಹೇಳಬಹುದು.

ಮಕ್ಕಳಿಗೊಂದು ಕೆಲಸ

ಒಂದು ಭಾನುವಾರ ಅಜ್ಜ ಅಜ್ಜಿಯ ಜೊತೆ ಮನೆಯ ಒಂದೊಂದೇ ಕೋಣೆಗೆ ಹೋಗಿ. ಏನೇನಿದೆ, ಯಾವ ವರ್ಷ ಕೊಂಡದ್ದು, ಎಷ್ಟು ಕೊಟ್ಟದ್ದು ಎಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಅಪ್ಪನ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಳೆಯ ತಾಮ್ರದ ಹಂಡೆಯ ಕಥೆ ಅಜ್ಜಿ ಹೇಳದೆ ಬಿಡುವುದಿಲ್ಲ, ಅದನ್ನೂ ಕೇಳಿಸಿಕೊಳ್ಳಿ. ಪಾಲಿಸಿಯನ್ನು ಬೀರುವಿನಲ್ಲಿ ಮಾತ್ರ ಇಡಬೇಡಿ, ಮನೆ ಹೋದರೆ ಬೀರುವೂ ಹೋಗುತ್ತದೆ. ಪಟ್ಟಿಯ ಮತ್ತು ಪಾಲಿಸಿಯ ಫೋಟೋವನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಚಿಕ್ಕಪ್ಪನಿಗೆ ಕಳಿಸಿಡಿ.

ಜಾರಿಹೋದ ಗುಡ್ಡವನ್ನು, ಅದರೊಡನೆ ಹೋದ ತೋಟವನ್ನು ಯಾವ ಕಂಪನಿಯೂ ತಂದುಕೊಡಲಾರದು. ಇನ್ನೊಂದು ಕಡೆ ನಾಲ್ಕು ಗೋಡೆ ಎಬ್ಬಿಸುವ ಹಣವನ್ನಂತೂ ಕೊಡಬಲ್ಲದು. ಕಕ್ಕಡ 18ರ ಮದ್ದುಸೊಪ್ಪಿನ ಪಾಯಸ ಉಣ್ಣುವ ಹೊತ್ತಿಗೆ ಮಳೆ ಜೋರಾಗಿ ಹಿಡಿದಿರುತ್ತದೆ. ಅಷ್ಟರೊಳಗೆ ನಿಮ್ಮ ಪಟ್ಟಿಯೂ ಪಾಲಿಸಿಯೂ ಸಿದ್ಧವಿರಲಿ.