ಮಿದುಳಿನ ಮೇರೆಗಳು

ಮಾನವನ ಮಿದುಳು ಮೇಲುನೋಟಕ್ಕೆ ಒಂದೇ ಮುದ್ದೆಯಂತೆ ತೋರಿದರೂ ವಾಸ್ತವವಾಗಿ ಅದು ಅನೇಕ ಭಾಗಗಳ ಸಮುದಾಯ. ಕಿವಿಗಳ ನೇರಕ್ಕೆ, ತಲೆಯ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾಗಿದ ಪುಟ್ಟ ಭಾಗವಿದೆ. 16ನೆಯ ಶತಮಾನದಲ್ಲಿ ಇಟಲಿಯ ಅಂಗರಚನಾಶಾಸ್ತ್ರಜ್ಞ ಅರಾಂಜಿಯೊ ಅದನ್ನು ಕಡಲ್ಗುದುರೆಗೆ ಹೋಲಿಸಿ ‘ಹಿಪೊಕ್ಯಾಂಪಸ್’ ಎಂದು ಕರೆದನು; ರೇಷ್ಮೆಹುಳುವನ್ನು ಹೋಲುತ್ತದೆಂದೂ ಹೇಳಿದನು. ಕನ್ನಡನಾಡಿನವರಿಗೆ ಎರಡನೆಯ ಹೋಲಿಕೆಯೇ ಹೆಚ್ಚು ಪರಿಚಿತ.

ಈ ಪುಟ್ಟ ಭಾಗದ ಮಹತ್ತ್ವ ಬೆಳಕಿಗೆ ಬಂದುದು ಒಂದು ದುರಂತದಿಂದ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೇಸನ್ ಎಂಬ ತರುಣನ ಅಪಸ್ಮಾರವನ್ನು ಗುಣಪಡಿಸಲೆಂದು ವೈದ್ಯರು ಎರಡೂ ಕಡೆಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದುಹಾಕಿದರು. ಅಂದಿನಿಂದ 2008ರಲ್ಲಿ ಮರಣಹೊಂದುವವರೆಗೂ ಹೊಸ ಅನುಭವಗಳು ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಮರೆವನ್ನು ತರುವ ಆಲ್ಜೈಮರ್ ರೋಗದಲ್ಲಿಯೂ ಮೊದಮೊದಲಿಗೆ ಕುಗ್ಗುವ ಭಾಗಗಳಲ್ಲಿ ಇದೂ ಒಂದು. ಎಷ್ಟು ಕುಗ್ಗಿದೆಯೆಂದು ತಿಳಿಯಬೇಕಾದರೆ ಅಳೆಯಬೇಕು. ಅಳೆಯಬೇಕಾದರೆ ಅದರ ಮೇರೆ ಗೊತ್ತಾಗಬೇಕು.

ಕಷ್ಟವಿರುವುದು ಅಲ್ಲಿಯೇ. ಎಂ.ಆರ್.ಐ. ಯಂತ್ರವು ಕಾಂತಶಕ್ತಿಯ ನೆರವಿನಿಂದ ಮಿದುಳಿನ ಚಿತ್ರವನ್ನು ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟು ಅಳತೆಯ ಘನಗಳಾಗಿ ಕೊಡುತ್ತದೆ. ಇಡೀ ಮಿದುಳಿನಲ್ಲಿ ಇಂತಹ ಹತ್ತು ಲಕ್ಷಕ್ಕೂ ಹೆಚ್ಚು ಘನಗಳಿದ್ದರೆ ಒಂದು ಹಿಪೊಕ್ಯಾಂಪಸ್ಸಿನಲ್ಲಿ ಇರುವುದು ಮೂರು ನಾಲ್ಕು ಸಾವಿರ ಮಾತ್ರ. ಪ್ರತಿಯೊಂದು ಘನದ ವಿಷಯವಾಗಿ ಚಿತ್ರವು ತಿಳಿಸುವುದು ಅದರ ಹೊಳಪನ್ನಷ್ಟೇ. ಹಿಪೊಕ್ಯಾಂಪಸ್ಸಿನ ಮುಂದೆ ಬಾದಾಮಿಯಾಕಾರದ ಅಮಿಗ್ಡಲವಿದೆ. ಎರಡರ ಹೊಳಪೂ ಬಹುಮಟ್ಟಿಗೆ ಒಂದೇ. ಬದು ಅಳಿಸಿಹೋದ ಎರಡು ರಾಗಿಹೊಲಗಳಂತೆ ಅವು ಕೂಡಿಕೊಂಡಿರುತ್ತವೆ. ಪೈರಿನ ಬಣ್ಣ ನೋಡಿ ಯಾರ ಹೊಲ ಯಾವುದೆಂದು ಹೇಳಲಾಗದು. ಊರಿನ ಹಿರಿಯನು ಹುಣಿಸೆಮರವನ್ನೋ ಬಾವಿಯನ್ನೋ ಗುರುತು ಹಿಡಿದು ಹೇಳಬಲ್ಲನು. ತಜ್ಞರು ಮೇರೆ ಎಳೆಯುವುದೂ ಹಾಗೆಯೇ. ಆದರೆ ಆ ಕೆಲಸಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಒಬ್ಬರು ಎಳೆದ ಗೆರೆ ಇನ್ನೊಬ್ಬರದಕ್ಕೆ ಪೂರ್ತಿ ಹೊಂದುವುದಿಲ್ಲ.

ಬಾಸ್ಟನ್ನಿನ ಬ್ರೂಸ್ ಫಿಶಲ್ ಮತ್ತು ಸಂಗಡಿಗರು ಹಿರಿಯನ ಈ ಜಾಣ್ಮೆಯನ್ನು ಗಣಕಯಂತ್ರಕ್ಕೆ ಕಲಿಸಿದ ವಿಧಾನವನ್ನು 2002ರಲ್ಲಿ ಪ್ರಕಟಿಸಿದರು. ತಜ್ಞರು ಕೈಯಿಂದ ಗುರುತಿಸಿದ ಕೆಲವು ಮಿದುಳುಗಳೇ ಅದರ ಪಾಠ. ಹೊಸ ಚಿತ್ರವನ್ನು ಅವುಗಳೊಡನೆ ಸರಿಹೊಂದಿಸಿ ಯಂತ್ರವು ಒಂದೊಂದು ಘನವನ್ನೂ ಪರೀಕ್ಷಿಸುತ್ತದೆ: ಇದರ ಹೊಳಪೆಷ್ಟು? ಹಿಂದಿನ ಮಿದುಳುಗಳಲ್ಲಿ ಈ ಸ್ಥಳದಲ್ಲಿ ಯಾವ ಭಾಗವಿತ್ತು? ನೆರೆಯ ಘನಗಳು ಯಾವುವು? ಹೀಗೆ ಪ್ರತಿ ಘನಕ್ಕೂ 37 ಹೆಸರುಗಳಲ್ಲಿ ಒಂದನ್ನು ಅದು ಕೊಟ್ಟಿತು. ನಿಖರತೆಯಲ್ಲಿ ತಜ್ಞರ ಕೈಗೆಲಸಕ್ಕೆ ಸಮೀಪವಾಗಿತ್ತು. 2015ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ರೂಪುಗೊಂಡ ‘ಯು-ನೆಟ್’ ಮಾದರಿಗೆ ಪ್ರಶ್ನೆಗಳನ್ನು ಹೇಳಿಕೊಡುವ ಅಗತ್ಯವೂ ಇರಲಿಲ್ಲ; ಏನನ್ನು ಗಮನಿಸಬೇಕೆಂಬುದನ್ನು ಅದು ಉದಾಹರಣೆಗಳಿಂದ ತಾನೇ ಕಲಿಯುತ್ತದೆ. ಗಂಟೆಗಳು ಹಿಡಿಯುತ್ತಿದ್ದ ಕೆಲಸವನ್ನು ಇಂತಹ ಜಾಲಗಳು ಈಗ ನಿಮಿಷಗಳಲ್ಲಿ ಮುಗಿಸುತ್ತವೆ.

ಆದರೂ ಯಂತ್ರವು ಬಲ್ಲುದು ಕಲಿತ ಪಾಠವನ್ನು ಮಾತ್ರ. ಗೆಡ್ಡೆಯೊಂದು ಬೆಳೆದು ಭಾಗಗಳನ್ನು ಪಕ್ಕಕ್ಕೆ ಸರಿಸಿದ್ದರೆ, ಚಿತ್ರ ತೆಗೆಯುವಾಗ ರೋಗಿ ತಲೆ ಅಲುಗಿಸಿದ್ದರೆ, ಅದು ತಪ್ಪು ಮೇರೆಯನ್ನೂ ಅಷ್ಟೇ ಧೈರ್ಯದಿಂದ ಎಳೆದೀತು. ಪಾಠವಾದ ಮಿದುಳುಗಳು ಯಾರವು ಎಂಬುದೂ ಮುಖ್ಯ. 2019ರಲ್ಲಿ ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 100 ಭಾರತೀಯರ ಚಿತ್ರಗಳಿಂದ ಮಿದುಳಿನ ನಕ್ಷೆಯೊಂದನ್ನು ಸಿದ್ಧಪಡಿಸಿದರು. ಪಾಶ್ಚಾತ್ಯರ ನಕ್ಷೆಗಿಂತ ಅದು ಸರಾಸರಿ ಅಳತೆಯಲ್ಲಿ ಚಿಕ್ಕದಾಗಿತ್ತು. ಬುದ್ಧಿಗೂ ಈ ಗಾತ್ರಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಆದರೆ ಪರರ ಅಳತೆಗೋಲನ್ನೇ ನೆಚ್ಚಿದರೆ ಆರೋಗ್ಯವಂತನ ಮಿದುಳೂ ಕುಗ್ಗಿದಂತೆ ಕಂಡೀತು.